ಸಹಾಯ ಬೇಕು: ಕಾಯಿಲೆ ಇದೆ ಅಂತ ಒಪ್ಪಿದ ಮೇಲೆ ತಮ್ಮ ಕುಗ್ಗಿಹೋಗಿದ್ದಾನೆ

ತಮ್ಮನಿಗೆ 26 ವರ್ಷ, ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವಂಥ ಮಾನಸಿಕ ಕಾಯಿಲೆ) ಇದೆ. ಎರಡು ವರ್ಷ "ನನಗೇನೂ ಆಗಿಲ್ಲ" ಅಂತ ಮಾತ್ರೆ ಉಗುಳುತ್ತಿದ್ದ. ಈಗ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತಿವೆ. ಅದು ಕಾಯಿಲೆ ಅಂತ ಅವನೇ ಒಪ್ಪುತ್ತಾನೆ. ಆದರೆ ಆವತ್ತಿನಿಂದ ಕುಗ್ಗಿಹೋಗಿದ್ದಾನೆ. ಮೊನ್ನೆ ಮಾರ್ಕ್ಸ್ ಕಾರ್ಡ್ ತೊಡೆ ಮೇಲಿಟ್ಟುಕೊಂಡು "ಇನ್ನು ನನ್ನನ್ನು ಯಾರು ಕೆಲಸಕ್ಕೆ ತಗೋತಾರೆ ಅಕ್ಕ?" ಅಂದ. ತಟ್ಟೆಯಲ್ಲಿ ಅನ್ನ ಹಾಗೇ ಆರಿತ್ತು.

ಸಾಯೋ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದೆ, ಇಲ್ಲ ಅಂದ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಿದೆ. ಗುರುವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ.

ಕಾಯಿಲೆ ಇದೆ ಅನ್ನೋ ಅರಿವು ಬಂದಾಗ ಖಿನ್ನತೆ ಬರಬಹುದು ಅಂತ ಓದಿದ್ದೇನೆ. ಆದರೆ ಹೀಗೆ ಮಂಕಾಗಿ ಕೂರುವುದು ಕಾಯಿಲೆಯ ಲಕ್ಷಣವೂ ಇರಬಹುದು, ಮಾತ್ರೆಯ ಪರಿಣಾಮವೂ ಇರಬಹುದು ಅಲ್ವಾ? ಇಲ್ಲೇ ನನಗೆ ಗೊಂದಲ.

ಇದನ್ನು ದಾಟಿದ ಮನೆಯವರು ದಯವಿಟ್ಟು ಹೇಳಿ: ಇದು ಖಿನ್ನತೆಯೇ ಅಂತ ಹೇಗೆ ಗುರುತಿಸಿದಿರಿ? ಡಾಕ್ಟರಿಗೆ ಏನೇನು ಹೇಳಿದಿರಿ?