ಅಪ್ಪನ ಹಳೇ ಫೋಟೊಗಳಿಗೆ ಆಲ್‌ಇನ್‌ಒನ್ ಸಾಕಾ, ಸ್ಕ್ಯಾನರೇ ಬೇಕಾ?

ಪ್ರಶ್ನೆ:
ಸಾಗರದ ಮನೆ ಅಟ್ಟದಿಂದ ಅಪ್ಪನ ಟ್ರಂಕು ಇಳಿಸಿದೆ. ನಾಲ್ಕು ಆಲ್ಬಮ್, ಸುಮಾರು 600 ಫೋಟೊ, ಜೊತೆಗೆ ಬಿಸ್ಕತ್ ಡಬ್ಬಿ ತುಂಬ 35 ಎಂಎಂ ನೆಗೆಟಿವ್. ನಮ್ಮ ಮಳೆ ಗೊತ್ತಲ್ಲ, ಕೆಲವಕ್ಕೆ ಬೂಷ್ಟು ಹಿಡಿದಿದೆ. ಮಗಳ ಸ್ಕೂಲ್ ಪ್ರಾಜೆಕ್ಟಿಗೆ ಪ್ರಿಂಟರ್ ಹೇಗೂ ಬೇಕು. ಇಂಕ್ ಟ್ಯಾಂಕ್ ಆಲ್‌ಇನ್‌ಒನ್ (ಪ್ರಿಂಟರ್, ಸ್ಕ್ಯಾನರ್ ಒಂದರಲ್ಲೇ) ತಂದು ಎರಡೂ ಮುಗಿಸೋಣ ಅಂತ ನಾನು. "ಎರಡೆರಡು ಸಲ ದುಡ್ಡು ಸುರೀಬೇಡಿ" ಅಂತ ಮನೆಯವಳು.

ಉತ್ತರ 1:
ನೆಗೆಟಿವ್ ಇದೆ ಅಂದ್ರಲ್ಲ ಸರ್, ಅಲ್ಲಿಗೆ ತೀರ್ಮಾನ ಆಯ್ತು. ಆಲ್‌ಇನ್‌ಒನ್ ಗಾಜಿನ ಮೇಲಿಟ್ಟರೆ ಕಪ್ಪು ಪಟ್ಟಿ ಬರುತ್ತೆ ಅಷ್ಟೆ. ಮೇಲಿನಿಂದ ಬೆಳಕು ಹಾಯಬೇಕು. ಎಪ್ಸನ್ ವಿ600 ಸ್ಕ್ಯಾನರ್ ಮುಚ್ಚಳದಲ್ಲಿ ಆ ದೀಪ ಇದೆ. ಅಗ್ಗದ ವಿ39ರಲ್ಲಿ ಇಲ್ಲ, ನೋಡ್ಕೊಳ್ಳಿ.

ಉತ್ತರ 2:
ಅಜ್ಜಿಯ ಮದುವೆ ಫೋಟೊ ನಾನು ಆಲ್‌ಇನ್‌ಒನ್‌ನಲ್ಲೇ ಮಾಡಿದ್ದು. ಸುರುಳಿ ಸುತ್ತಿದ ಅಂಚೆಲ್ಲ ಮಸುಕು! ಅದರೊಳಗಿನ ಸಿಐಎಸ್ ಅನ್ನೋ ಸೆನ್ಸರ್‌ಗೆ ಗಾಜಿಗೆ ಅಂಟಿದ್ದು ಮಾತ್ರ ಚೊಕ್ಕ. ವಿ600ರ ಸಿಸಿಡಿ ಸೆನ್ಸರ್ ತುಸು ಎದ್ದಿದ್ದನ್ನೂ ಹಿಡಿಯುತ್ತೆ. ಜಾಹೀರಾತಿನ ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ) ಮರೆತುಬಿಡಿ. ಫೋಟೊಗೆ 600, ನೆಗೆಟಿವ್‌ಗೆ 2400 ಸಾಕು. ಬೂಷ್ಟನ್ನ ಮೆತ್ತನೆ ಬ್ರಷ್ಷಿನಲ್ಲಿ ಮನೆ ಹೊರಗೇ ಒರೆಸಿ.

ಪ್ರಶ್ನೆ ಕೇಳಿದವರು:
ನೆಗೆಟಿವ್ ಬಹುಪಾಲು ಕಪ್ಪುಬಿಳುಪು. ಧೂಳು ತೆಗೆಯೋ ಡಿಜಿಟಲ್ ಐಸ್ ನಡೆಯುತ್ತಾ?

ಉತ್ತರ 1:
ಇಲ್ಲ. ಅದು ಇನ್‌ಫ್ರಾರೆಡ್‌ನಲ್ಲಿ ಧೂಳು ಹುಡುಕೋದು. ಕಪ್ಪುಬಿಳುಪು ಫಿಲ್ಮಿನ ಬೆಳ್ಳಿಯೂ ಆ ಬೆಳಕನ್ನ ತಡೆಯುತ್ತೆ, ಆಗ ಐಸ್ ಚಿತ್ರವನ್ನೇ ಧೂಳು ಅಂದ್ಕೊಳ್ಳುತ್ತೆ. ಆಫ್ ಮಾಡಿ, ಗಾಳಿ ಊದೋ ಬ್ಲೋಯರ್ ಹಿಡೀರಿ.

ಪ್ರಶ್ನೆ ಕೇಳಿದವರು:
ಸೆಕೆಂಡ್ ಹ್ಯಾಂಡ್ ವಿ600 ಹುಡುಕ್ತೀನಿ. ಪ್ರಾಜೆಕ್ಟಿಗೆ ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿ ಇದ್ದೇ ಇದೆ. ಮನೆಯವಳಿಗೆ ಇನ್ನೂ ಹೇಳಿಲ್ಲ.