ಮಲ್ಪೆಯಲ್ಲಿ ಕಂಡದ್ದು ಕ್ರಿಸ್‌ಮಸ್ ದ್ವೀಪದ ಫ್ರಿಗೇಟ್ ಹಕ್ಕಿಯೇ?

ಅಳಿವೆಬಾಗಿಲು:
ಕಳೆದ ಜುಲೈನಲ್ಲಿ ಎರಡು ದಿನ ಬಿಡದೆ ಸುರಿದ ಗಾಳಿಮಳೆ ತುಸು ಹೊಳವಾದಾಗ, ಮಲ್ಪೆಯ ಕಡಲತೀರದ ಮೇಲೆ ಉದ್ದನೆಯ ರೆಕ್ಕೆಗಳ, ಕತ್ತರಿಯಂತೆ ಸೀಳಿದ ಬಾಲದ ದೊಡ್ಡ ಕಪ್ಪು ಹಕ್ಕಿಯೊಂದು ರೆಕ್ಕೆ ಬಡಿಯದೆಯೇ ತೇಲುತ್ತಿದ್ದುದನ್ನು ಕಂಡೆ. ತಲೆ ಕಂದುಗೆಂಪಾಗಿತ್ತು, ಹೊಟ್ಟೆಯಲ್ಲಿ ಬಿಳಿ ಮಚ್ಚೆಯಿತ್ತು. ಅದು ಫ್ರಿಗೇಟ್ ಹಕ್ಕಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹೊಟ್ಟೆ ಬಿಳಿಯಾಗಿರುವುದು ಅಪಾಯದಂಚಿನಲ್ಲಿರುವ ಕ್ರಿಸ್‌ಮಸ್ ದ್ವೀಪದ ಪ್ರಭೇದದ ಲಕ್ಷಣವೆಂದು ಓದಿದ್ದೇನೆ. ಹಾಗೆಂದೇ ದಾಖಲಿಸಬಹುದೇ?

ರೆಕ್ಕೆಗಣ್ಣು:
ದಯವಿಟ್ಟು ಸದ್ಯಕ್ಕೆ ಹಾಗೆ ದಾಖಲಿಸಬೇಡಿ. ನೀವು ಓದಿದ್ದು ಸರಿ, ಆದರೆ ಅದು ಅನ್ವಯಿಸುವುದು ಬೆಳೆದ ಗಂಡಿಗೆ ಮಾತ್ರ. ಮೈಯೆಲ್ಲ ಕಪ್ಪಾಗಿದ್ದು ಹೊಟ್ಟೆಯ ಕೆಳಭಾಗದಲ್ಲಷ್ಟೇ ಬಿಳಿ ಇದ್ದರೆ ಅದು ಕ್ರಿಸ್‌ಮಸ್ ದ್ವೀಪದ ಗಂಡು. ಚಿಕ್ಕ ಫ್ರಿಗೇಟ್ ಹಕ್ಕಿಯ ಗಂಡಿಗೆ ಹೊಟ್ಟೆಯೂ ಕಪ್ಪು, ಬಿಳಿ ಇರುವುದು ಎರಡು ಕಂಕುಳುಗಳಲ್ಲಿ. ದೊಡ್ಡ ಫ್ರಿಗೇಟ್ ಹಕ್ಕಿಯ ಗಂಡು ಕೆಳಗಿನಿಂದ ನೋಡಿದರೆ ಪೂರ್ತಿ ಕಪ್ಪು. (ದೊಡ್ಡದರ ವೈಜ್ಞಾನಿಕ ಹೆಸರು ಫ್ರೆಗಾಟಾ ಮೈನರ್! ಮೊದಲು ಅದನ್ನು ಪೆಲಿಕನ್‌ಗಳ ಗುಂಪಿಗೆ ಸೇರಿಸಿ, ಅವುಗಳಲ್ಲಿ ಚಿಕ್ಕದೆಂದು ಹೆಸರಿಟ್ಟದ್ದು ಹಾಗೆಯೇ ಉಳಿದುಬಿಟ್ಟಿದೆ.)

ಕ್ರಿಸ್‌ಮಸ್ ದ್ವೀಪದ ಹೆಣ್ಣಿಗೆ ತಲೆ ಮತ್ತು ಗಂಟಲು ಕಪ್ಪು, ಎದೆಯಿಂದ ಹೊಟ್ಟೆಯವರೆಗೆ ಬಿಳಿ, ಆ ಬಿಳಿ ಕಂಕುಳಿಗೂ ಚಾಚಿರುತ್ತದೆ, ಕೊಕ್ಕು ಗುಲಾಬಿ. ತೊಡಕಿರುವುದು ಎಳೆಯ ಹಕ್ಕಿಗಳಲ್ಲಿ. ಮೂರೂ ಪ್ರಭೇದಗಳ ಮರಿಗಳಿಗೆ ಕಂದು ತಲೆ ಮತ್ತು ಬಿಳಿ ಹೊಟ್ಟೆ ಇರಬಹುದಾದ್ದರಿಂದ, ನೀವು ಹೇಳಿದ ಎರಡು ಗುರುತುಗಳಿಂದ ಯಾವುದನ್ನೂ ನಿರ್ಧರಿಸಲಾಗದು. ಹೊಟ್ಟೆಯ ಮಚ್ಚೆಯ ಆಕಾರ ಹೇಗಿತ್ತು? ಬಿಳಿ ಬಣ್ಣ ಕಂಕುಳಿನವರೆಗೆ ಹೋಗಿತ್ತೇ?

ಅಳಿವೆಬಾಗಿಲು:
ಚಿತ್ರಗಳನ್ನು ಹಿಗ್ಗಿಸಿ ನೋಡಿದೆ. ಮಚ್ಚೆ ಬಾಲದ ಕಡೆಗೆ ಚೂಪಾಗುತ್ತ ಹೋಗುವ ತ್ರಿಕೋನದಂತಿದೆ, ಕಂಕುಳಿಗೂ ಬಿಳಿ ಚಾಚಿದೆ.

ರೆಕ್ಕೆಗಣ್ಣು:
ಹಾಗಾದರೆ ಅದು ಬಹುಮಟ್ಟಿಗೆ ಚಿಕ್ಕ ಫ್ರಿಗೇಟ್ ಹಕ್ಕಿಯ ಮರಿ. ಕ್ರಿಸ್‌ಮಸ್ ದ್ವೀಪದ ಮರಿಯಲ್ಲಿ ಆ ಮಚ್ಚೆ ಇನ್ನೂ ಅಗಲವಾಗಿದ್ದು ಷಟ್ಕೋನಕ್ಕೆ ಹತ್ತಿರವಿರುತ್ತದೆ. ಪಕ್ಕದಲ್ಲಿ ಹೋಲಿಸಲು ಇನ್ನೊಂದು ಹಕ್ಕಿ ಇಲ್ಲದಿದ್ದಾಗ ಗಾತ್ರವನ್ನು ನಂಬಬಾರದು. ಖಾಲಿ ಆಕಾಶದಲ್ಲಿ ಎಲ್ಲವೂ ದೊಡ್ಡದಾಗಿಯೇ ಕಾಣುತ್ತವೆ.

ಹವಳದಿಬ್ಬ:
ಗುರುತಿಸುವಿಕೆಯಲ್ಲಿ ಇಷ್ಟು ಹಟ ಏಕೆಂದು ಕೆಲವರಿಗೆ ಅನ್ನಿಸಬಹುದು. ಕ್ರಿಸ್‌ಮಸ್ ದ್ವೀಪದ ಫ್ರಿಗೇಟ್ ಹಕ್ಕಿ (ಫ್ರೆಗಾಟಾ ಆಂಡ್ರ್ಯೂಸಿ) ಗೂಡು ಕಟ್ಟುವುದು ಜಗತ್ತಿನಲ್ಲಿ ಒಂದೇ ಕಡೆ: ಜಾವಾದ ದಕ್ಷಿಣಕ್ಕಿರುವ, ಸುಮಾರು 135 ಚದರ ಕಿಲೋಮೀಟರ್ ವಿಸ್ತಾರದ, ಆಸ್ಟ್ರೇಲಿಯಾದ ಆಡಳಿತಕ್ಕೆ ಸೇರಿದ ಆ ದ್ವೀಪದ ಎತ್ತರದ ಮರಗಳ ಮೇಲೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶುರುವಾದ ಫಾಸ್ಫೇಟ್ ಗಣಿಗಾರಿಕೆಗೆ ಆ ಕಾಡಿನ ದೊಡ್ಡ ಭಾಗ ಬಲಿಯಾಯಿತು, ಅದಿರು ಒಣಗಿಸುವಾಗ ಹಾರುವ ದೂಳು ಗೂಡುಗಳ ಮೇಲೂ ಬೀಳುತ್ತಿತ್ತು. ಬಳಿಕ ಹೊರಗಿನಿಂದ ಬಂದ ಹಳದಿ ಹುಚ್ಚು ಇರುವೆಗಳು ಅಲ್ಲಿನ ಕೆಂಪು ಏಡಿಗಳನ್ನು ಕೋಟಿಗಟ್ಟಲೆ ಕೊಂದು ಕಾಡಿನ ಸ್ವರೂಪವನ್ನೇ ಬದಲಿಸಿದವು. ಗಿಡಮರಗಳ ರಸ ಹೀರಿ ಆ ಇರುವೆಗಳಿಗೆ ಸಿಹಿ ಒದಗಿಸುವ ಶಲ್ಕ ಕೀಟಗಳನ್ನು ಹತೋಟಿಗೆ ತರಲು 2016ರಲ್ಲಿ ಮಲೇಷ್ಯಾದ ಪುಟ್ಟ ಕಣಜವೊಂದನ್ನು ಅಲ್ಲಿ ಬಿಡಲಾಯಿತು.

ಹಿಂದೆ ತೀವ್ರ ಅಪಾಯದ ವರ್ಗದಲ್ಲಿದ್ದ ಈ ಹಕ್ಕಿಯನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) 2018ರಲ್ಲಿ ಅದಕ್ಕಿಂತ ಕಡಿಮೆ ಅಪಾಯದ ವರ್ಗಕ್ಕೆ ಇಳಿಸಿತು. ಆದರೂ ನಿರಾಳವಾಗುವಂತಿಲ್ಲ. ಸಲಕ್ಕೆ ಒಂದೇ ಮೊಟ್ಟೆ. ಮರಿ ಹಾರಲು ಕಲಿತ ಮೇಲೂ ತಿಂಗಳುಗಟ್ಟಲೆ ಅದಕ್ಕೆ ಉಣಿಸಬೇಕಾಗುವುದರಿಂದ ಹೆಣ್ಣು ಪ್ರತಿ ವರ್ಷ ಮೊಟ್ಟೆಯಿಡಲಾರದು. ಇಂಥ ಹಕ್ಕಿ ಜಕಾರ್ತಾ ಕೊಲ್ಲಿಯಂಥ ಕಡೆ ಗಾಳದ ದಾರಕ್ಕೆ ಸಿಕ್ಕಿ ಸತ್ತರೆ, ಆ ನಷ್ಟ ತುಂಬಲು ವರ್ಷಗಳೇ ಬೇಕು. ಇಷ್ಟು ಕಡಿಮೆ ಸಂಖ್ಯೆಯ ಹಕ್ಕಿ ಎಲ್ಲೆಲ್ಲಿ ಅಲೆಯುತ್ತದೆ ಎಂಬ ನಕ್ಷೆಯಲ್ಲಿ ಒಂದು ತಪ್ಪು ಚುಕ್ಕೆಯೂ ದಾರಿ ತಪ್ಪಿಸುತ್ತದೆ. ಖಚಿತವಿಲ್ಲದಾಗ "ಫ್ರಿಗೇಟ್ ಹಕ್ಕಿ, ಪ್ರಭೇದ ತಿಳಿಯದು" ಎಂದು ಬರೆಯುವುದರಲ್ಲಿ ನಾಚಿಕೆಯೇನಿಲ್ಲ.

ಅಳಿವೆಬಾಗಿಲು:
ನಿಮ್ಮಿಬ್ಬರಿಗೂ ವಂದನೆಗಳು. ದಾಖಲೆಯನ್ನು ತಿದ್ದುತ್ತೇನೆ. ಇನ್ನೊಂದು ಸಂಗತಿ: ಹಿಂದೊಮ್ಮೆ ನಾಡದೋಣಿಯವರು ದಡದಲ್ಲಿ ಬಳಲಿ ಕುಳಿತಿದ್ದ ಇಂಥದೇ ಹಕ್ಕಿಯೊಂದನ್ನು ಒಳ್ಳೆಯದಾಗಲೆಂದು ನೀರಿಗೆ ಬಿಟ್ಟಿದ್ದರಂತೆ.

ಹವಳದಿಬ್ಬ:
ಹಾಗೆ ಮಾಡಲೇಬಾರದು. ಕಡಲಹಕ್ಕಿಯಾದರೂ ಇದರ ಗರಿಗಳು ನೀರನ್ನು ತಡೆಯುವುದಿಲ್ಲ. ನೆನೆದರೆ ಮೇಲೇಳಲಾಗದೆ ಮುಳುಗುತ್ತದೆ. ಹಾರುಮೀನುಗಳನ್ನು ನೀರ ಮೇಲಿನಿಂದಲೇ ಕೊಕ್ಕಿನಲ್ಲಿ ಎತ್ತಿಕೊಳ್ಳುವುದು, ಬೇರೆ ಹಕ್ಕಿಗಳನ್ನು ಬೆನ್ನಟ್ಟಿ ಅವು ಕಕ್ಕಿದ ಮೀನನ್ನು ಕಸಿಯುವುದು ಇದೇ ಕಾರಣದಿಂದ. ಕಾಲುಗಳು ತೀರ ಗಿಡ್ಡವಾದ್ದರಿಂದ ಸಮತಟ್ಟು ಮರಳಿನಿಂದ ಏಳುವುದೂ ಕಷ್ಟ. ಅಂಥ ಹಕ್ಕಿ ಸಿಕ್ಕರೆ ಬಟ್ಟೆ ಮುಚ್ಚಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಒಣಗಿದ ಕಡೆ ಇರಿಸಿ ಅರಣ್ಯ ಇಲಾಖೆಗೆ ತಿಳಿಸಿ. ಕೊಕ್ಕಿನ ತುದಿಯ ಕೊಂಡಿಯ ಬಗ್ಗೆ ಎಚ್ಚರವಿರಲಿ, ಮುಖವನ್ನು ಹತ್ತಿರ ಒಯ್ಯಬೇಡಿ. ಪೆಟ್ಟಿಗೆಗೆ ಹಾಕುವ ಮೊದಲು ಹೊಟ್ಟೆ ಮತ್ತು ಕಂಕುಳಿನ ಒಂದು ಚಿತ್ರ ತೆಗೆದುಕೊಂಡರೆ, ಮೇಲಿನ ಚರ್ಚೆಯೆಲ್ಲ ಐದು ನಿಮಿಷದಲ್ಲಿ ಮುಗಿಯುತ್ತದೆ.