ಸಹಾಯ ಬೇಕು: ಇಂಗಾಲ ಹೀರುವ ಯಂತ್ರಗಳ ‘ಪರ’ ವಾದ

ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಲು ಸರ್ಕಾರಗಳು ಹಣ ಸುರಿಯಬೇಕೇ? ಶನಿವಾರದ ಚರ್ಚಾಸ್ಪರ್ಧೆಯಲ್ಲಿ ಮಗಳಿಗೆ ಚೀಟಿಯಲ್ಲಿ ಬಂದದ್ದು ‘ಪರ’.

2021ರಲ್ಲಿ ಶುರುವಾದ ಐಸ್‌ಲ್ಯಾಂಡಿನ ಓರ್ಕಾ ಎಂಬ ಇಂಗಾಲ ಹೀರುವ ಘಟಕದ ಘೋಷಿತ ಸಾಮರ್ಥ್ಯ ವರ್ಷಕ್ಕೆ 4,000 ಟನ್. ಕಲ್ಲಿದ್ದಲು, ತೈಲ, ಅನಿಲ ಸುಟ್ಟು ಜಗತ್ತು ಅಷ್ಟನ್ನು ಸುಮಾರು ನಾಲ್ಕೇ ಸೆಕೆಂಡಿನಲ್ಲಿ ಉಗುಳುತ್ತದೆ. ಈ ಲೆಕ್ಕ ಬರೆದವಳೇ ಪೆನ್ನು ಕೆಳಗಿಟ್ಟಳು. ಹೀರಿದ ಅನಿಲ ನೀರಿನೊಡನೆ ಬಸಾಲ್ಟ್ ಎಂಬ ಜ್ವಾಲಾಮುಖಿ ಬಂಡೆಗಿಳಿದು ಕಲ್ಲಾಗುವುದೇನೋ ಸೊಗಸೇ (ನನಗಂತೂ ಅದೇ ಇಷ್ಟ), ಆದರೆ ತೀರ್ಪುಗಾರರು ಅದಕ್ಕೆ ಮರುಳಾಗುವರೇ?

ನಿವ್ವಳ ಶೂನ್ಯ (ಉಗುಳಿದಷ್ಟನ್ನೂ ಹೀರಿ ಸರಿದೂಗಿಸುವ ಸ್ಥಿತಿ) ತಲುಪಲು, ಯಂತ್ರದಿಂದಲೋ ಬೇರೆ ವಿಧಾನದಿಂದಲೋ, ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆಯುವುದು ಅನಿವಾರ್ಯ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2022ರಲ್ಲಿ ಹೇಳಿದ್ದು ಗೊತ್ತು. ‘ಆಮೇಲೆ ಹೀರಿದರಾಯಿತು’ ಎಂದು ತೈಲ ಕಂಪನಿಗಳು ಕಾಲು ಚಾಚಿ ಕೂರುತ್ತವೆ ಎಂಬ ಆಕ್ಷೇಪಕ್ಕೆ ಮಾತ್ರ ಉತ್ತರ ಹೊಳೆಯುತ್ತಿಲ್ಲ. ಹೊರಸೂಸುವಿಕೆಯನ್ನು ಪೂರ್ತಿ ನಿಲ್ಲಿಸುವುದು ಕಷ್ಟವಾದ ಸಿಮೆಂಟ್, ವಿಮಾನಯಾನದ ಉದಾಹರಣೆ ಸಾಕೇ? ಬಲ್ಲವರು ಶುಕ್ರವಾರ ಸಂಜೆಯೊಳಗೆ ತಿಳಿಸಿ.